ಲೀಟರ್ ಜೊತೆ ಲೇಪನವನ್ನೂ ಕೇಳೋಣ

ಸೋಲಾರ್ ಹೀಟರ್ ಕೊಳ್ಳುವಾಗ ನಾವೆಲ್ಲ ಕೇಳೋದು ಎರಡೇ ಪ್ರಶ್ನೆ: ಎಷ್ಟು ಲೀಟರ್, ಎಷ್ಟು ರೇಟು? ಬಿಸಿಲನ್ನು ನಿಜವಾಗಿ ಹಿಡಿಯುವ ಕಪ್ಪು ಲೇಪನದ ಬಗ್ಗೆ ಯಾರೂ ಕೇಳಲ್ಲ. ಕೇಳಲೇಬೇಕು ಅನ್ನೋದು ನಮ್ಮ ವಾದ.

ಅದು ಬರೀ ಕಪ್ಪು ಬಣ್ಣ ಅಲ್ಲ. ಮಾಮೂಲಿ ಕಪ್ಪು ಪೇಂಟ್ ಕೂಡ ಬಿಸಿಲನ್ನು ಚೆನ್ನಾಗಿ ಹೀರುತ್ತೆ. ಆದರೆ ಬಿಸಿಯಾದ ಮೇಲೆ ಆ ಶಾಖವನ್ನು ಅಷ್ಟೇ ಧಾರಾಳವಾಗಿ ಹೊರಗೆ ಸೂಸಿಬಿಡುತ್ತೆ. ಬಿಸಿಲನ್ನು ಹೀರಿ, ಶಾಖವನ್ನು ಬಿಟ್ಟುಕೊಡದ ಲೇಪನವನ್ನು 1955ರಲ್ಲಿ ಇಸ್ರೇಲಿನ ಹ್ಯಾರಿ ಟೇಬರ್ ಜಗತ್ತಿನ ಮುಂದಿಟ್ಟರು. ಇವತ್ತಿನ ಒಳ್ಳೆಯ ಬ್ಲ್ಯಾಕ್ ಕ್ರೋಮ್ ಲೇಪನದ ಹೀರುವಿಕೆ 0.95ರ ಆಸುಪಾಸು, ಸೂಸುವಿಕೆ 0.1ರ ಆಸುಪಾಸು. ದಪ್ಪ ಮಾತ್ರ ಹೆಚ್ಚೆಂದರೆ ಒಂದೆರಡು ಮೈಕ್ರಾನ್.

ಕಷ್ಟ ಏನಂದ್ರೆ, ಅದು ಹಿಡಿದಿಟ್ಟ ಶಾಖವೇ ಅದನ್ನು ತಿನ್ನುತ್ತೆ. ಬ್ಲ್ಯಾಕ್ ಕ್ರೋಮ್ ಕಪ್ಪಾಗಿರೋದು ಆಕ್ಸೈಡಿನೊಳಗೆ ಹರಡಿರುವ ಕ್ರೋಮಿಯಂ ಲೋಹದ ಸಣ್ಣ ಸಣ್ಣ ಕಣಗಳಿಂದ. ಬಿಸಿಯಲ್ಲಿ ಆ ಕಣಗಳೂ ಆಮ್ಲಜನಕದ ಜೊತೆ ಸೇರಿ ಆಕ್ಸೈಡ್ ಆಗ್ತಾ ಹೋದರೆ ಹೀರುವ ಶಕ್ತಿ ಇಳಿಯುತ್ತೆ. ತಾಪಮಾನ ಏರಿದಷ್ಟೂ ಈ ಕೆಲಸದ ವೇಗ ಜಾಸ್ತಿ. ಪಿಯುಸಿಯಲ್ಲಿ ಮಾರ್ಕ್ಸಿಗಾಗಿ ಓದಿದ ಅರ್ಹೇನಿಯಸ್ ಸಮೀಕರಣ ಇಲ್ಲಿ ತಾರಸಿಯ ಮೇಲೆ ಕೂತಿದೆ!

ನೀರು ಹರಿಯುತ್ತಿದ್ದರೆ ಆ ತಗಡು ತಂಪಾಗಿಯೇ ಇರುತ್ತೆ, ಹೆಚ್ಚಿನ ತೊಂದರೆ ಇಲ್ಲ. ನೀರಿಲ್ಲದೆ ಒಣಗಿ ನಿಂತರೆ, ಗಾಜಿನ ಮುಚ್ಚಳದ ಒಳ್ಳೆಯ ಕಲೆಕ್ಟರ್ ಒಳಗೆ 150 ಡಿಗ್ರಿ ದಾಟಬಹುದು. ಅಂದ್ರೆ ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಖಾಲಿಯಾಗಿ, ಟ್ಯಾಂಕೂ ಒಣಗಿದ್ದರೆ, ಯಾರೂ ಸ್ನಾನ ಮಾಡದ ಆ ದಿನಗಳೇ ಲೇಪನಕ್ಕೆ ಅತಿ ಕಷ್ಟದ ದಿನಗಳು.

"ಬಿಸಿನೀರು ಬರ್ತಿದೆಯಲ್ಲ, ಸಾಕು ಬಿಡ್ರೋ" ಅನ್ನೋರಿದ್ದಾರೆ. ಲೇಪನ ಹಾಳಾದರೂ ಬಿಸಿನೀರು ಬರುತ್ತೆ, ಯಾಕಂದ್ರೆ ಟ್ಯಾಂಕಿನೊಳಗಿನ ಕಾಯಿಲ್ ಕಾಯಿಸಿ ಕೊಡುತ್ತೆ. ತಾರಸಿಯಲ್ಲಿ ಸೋಲಾರ್, ಬಿಲ್ಲಿನಲ್ಲಿ ಕರೆಂಟು. ಈ ನಷ್ಟ ಸದ್ದು ಮಾಡಲ್ಲ, ಅದಕ್ಕೇ ಅಪಾಯ.

ಲೇಪನದ ಬಾಳಿಕೆ ಅಳೆಯೋಕೆ ಐಎಸ್‌ಒ 22975-3 ಅನ್ನೋ ಮಾನದಂಡವೇ ಇದೆ. ಹಾಗಾಗಿ ಕೊಳ್ಳುವಾಗ ಬಾಳಿಕೆಯ ಪರೀಕ್ಷಾ ವರದಿ ಕೇಳೋಣ. ರಜೆಗೆ ಹೊರಡುವ ಮುಂಚೆ ಕಲೆಕ್ಟರ್ ಮೇಲೆ ಒಂದು ಟಾರ್ಪಾಲು ಹೊದಿಸೋಕೆ ಹೇಳೋಣ. ನಮ್ಮ ಪ್ರಾಜೆಕ್ಟ್ ವರದಿಗಳಲ್ಲೂ ಹೊಸ ಲೇಪನದ ದಕ್ಷತೆ ಬರೆದು ನಿಲ್ಲಿಸೋದು ಬೇಡ. ಅದನ್ನ ನೂರಾರು ಗಂಟೆ ಓವನ್‌ನಲ್ಲಿ ಕಾಯಿಸಿ, ಮತ್ತೆ ಅಳೆದು, ಆ ಸಂಖ್ಯೆಯನ್ನೂ ಪಕ್ಕದಲ್ಲೇ ಬರೆಯೋಣ. ಬಳಸೋರಿಗೆ ಬೇಕಿರೋದು ಆ ಎರಡನೇ ಸಂಖ್ಯೆ.