ಸಂಡೂರಿನ ಅದಿರು, ಜರ್ಮನಿಯ ಅಬ್ಬರ

ಸಂಡೂರಿನ ದೋಣಿಮಲೈಯ ಕೆಂಪು ಕಲ್ಲಿಗೆ ಅಯಸ್ಕಾಂತ ಹಿಡಿದರೆ ಅದು ಅಷ್ಟಾಗಿ ಅಂಟುವುದಿಲ್ಲ. ಅದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡು. ಅದೇ ಕಲ್ಲು ಊದುಕುಲುಮೆ ಹಾಯ್ದು ಉಕ್ಕಿನ ತಂತಿಯಾದರೆ ಅಯಸ್ಕಾಂತ ಥಟ್ಟನೆ ಸೆಳೆಯುತ್ತದೆ. ಎಲೆಕ್ಟ್ರಿಕ್ ಗಿಟಾರ್ ನಿಂತಿರುವುದೇ ಈ ಗುಣದ ಮೇಲೆ. ಹಂಪಿಯ ವಿಠ್ಠಲ ದೇವಾಲಯದ ಕಂಬ ತಟ್ಟಿದರೆ ತಾನೇ ದನಿಗೊಡುವಂಥದ್ದು (ಈಗ ತಟ್ಟುವಂತಿಲ್ಲ, ಸರಿಯೇ). ತೆಳು ತಂತಿಗೆ ಆ ಶಕ್ತಿಯಿಲ್ಲ. ಅದರ ಕೆಳಗೆ ಅಯಸ್ಕಾಂತ, ಸುತ್ತ ತಾಮ್ರದ ಸುರುಳಿ. ತಂತಿ ಕಂಪಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಫ್ಯಾರಡೆಯ ಪಾಠವೇ. ಹಿತ್ತಾಳೆ ತಂತಿ ಕಟ್ಟಿದರೆ ಗಿಟಾರ್ ಬಹುಮಟ್ಟಿಗೆ ಮೂಗ.

ಈ ಉಕ್ಕಿನ ದನಿಯನ್ನು ನಾಗಾಲೋಟಕ್ಕೆ ಹಚ್ಚಿದವರಲ್ಲಿ ಜರ್ಮನ್ ಹುಡುಗರು ಮುಖ್ಯರು. ಚಾಕು-ಕತ್ತರಿಗೆ ಹೆಸರಾದ ಸೋಲಿಂಗೆನ್ ಊರಿನ ಆಕ್ಸೆಪ್ಟ್ ತಂಡ 1982ರಲ್ಲಿ ‘ಫಾಸ್ಟ್ ಆ್ಯಸ್ ಎ ಶಾರ್ಕ್’ ಹಾಡಿತು. ಮೊದಲು ಹಳೆಯ ಜನಪದ ಗೀತೆಯ ಸವೆದ ತಟ್ಟೆ, ಮೇಲೊಂದು ಕಿರುಚು, ಆಮೇಲೆ ಎರಡೂ ಕಾಲಲ್ಲಿ ಡ್ರಮ್ಮಿನ ಬಡಿತ. 1984ರಲ್ಲಿ ಹ್ಯಾಂಬರ್ಗಿನಲ್ಲಿ ಹೆಲೋವೀನ್ ತಂಡ ಹುಟ್ಟಿತು. 1985ರ ‘ವಾಲ್ಸ್ ಆಫ್ ಜೆರಿಕೋ’ದಲ್ಲಿ ಕೈ ಹ್ಯಾನ್ಸೆನ್ ಗಿಟಾರ್ ನುಡಿಸುತ್ತಲೇ ಗಂಟಲು ಹರಿಯುವಂತೆ ಹಾಡಿದ. 1987ರಲ್ಲಿ ಮೈಕೆಲ್ ಕಿಸ್ಕೆಯ ನಯವಾದ ಕಂಠ ಬಂದ ಮೇಲೆ ಆ ಸಂಗೀತ ಪವರ್ ಮೆಟಲ್ ಎನಿಸಿತು. ಆದರೂ ಆ ಮೊದಲ ಒರಟಿನಲ್ಲಿದ್ದ ಹಸಿವೇ ಬೇರೆ. ಅದರ ಗುಂಗು ಬೆಂಗಳೂರಿಗೂ ಹತ್ತಿತು. 1998ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದಿತು.

ಕಂಪ್ಲಿಯಲ್ಲೋ ಹೊಸಪೇಟೆಯಲ್ಲೋ ಮಕ್ಕಳು ಇದನ್ನು ಹಾಕಿದರೆ ಹಿರಿಯರು ‘ತಗಡು ಬಡದಂಗ ಐತಿ, ಬಂದ್ ಮಾಡು’ ಎಂದಾರು. ಆ ಒರಟಿಗೂ ಲೆಕ್ಕವಿದೆ. ಆಂಪ್ಲಿಫೈಯರಿಗೆ ತಾಳಲಾರದಷ್ಟು ಸಂಕೇತ ಕೊಟ್ಟರೆ ಅಲೆಯ ತಲೆ ಕತ್ತರಿಸಿ, ಮೂಲದಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ಇವರು ಹೆಚ್ಚಾಗಿ ಜೋಡಿಸುವುದು ನಮ್ಮ ತಂಬೂರಿಯ ಷಡ್ಜ-ಪಂಚಮಗಳನ್ನೇ. 110 ಮತ್ತು 165 ಹರ್ಟ್ಸ್ ಬೆರೆತರೆ ವ್ಯತ್ಯಾಸವಾಗಿ 55 ಹರ್ಟ್ಸ್, ಅಂದರೆ ಕೆಳಸ್ಥಾಯಿಯ ಷಡ್ಜ ಮೊಳಗುತ್ತದೆ. ಎದೆಗೆ ತಟ್ಟುವ ಗುಡುಗಿಗೆ ಒಂದು ಕಾರಣ ಅದು.

ಕಿವಿ ಕೆಡಿಸುವುದು ಈ ಒರಟಲ್ಲ, ಮಟ್ಟ. 85 ಡೆಸಿಬಲ್ ದಿನಕ್ಕೆ 8 ಗಂಟೆ ಎಂಬುದು ಒಪ್ಪಿತ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಅವಧಿ ಅರ್ಧವಾಗುತ್ತ, 100 ಡೆಸಿಬಲ್ಲಿಗೆ 15 ನಿಮಿಷವಷ್ಟೇ ಉಳಿಯುತ್ತದೆ. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಬೆಳೆಯುವುದಿಲ್ಲ. ಭಜನೆ ಕೇಳಿ ಸತ್ತರೂ ಅಷ್ಟೇ. ಗುಂಡಿ ತಿರುಗಿಸಿ ಸದ್ದು ತಗ್ಗಿಸಿದರೂ ಕತ್ತರಿಸಿದ ಅಲೆ ಕತ್ತರಿಸಿದಂತೆಯೇ ಇರುತ್ತದೆ, ಹುಡುಗರಿಗೆ ಬೇಕಾದ ಒರಟು ಎಲ್ಲಿಗೂ ಹೋಗುವುದಿಲ್ಲ.