ಜನವರಿಯ ನೀಲಿ ಬಾಗಿಲು
ಅಮೆರಿಕದ ಲೇಖಕಿ ಅಲಿಕ್ಸ್ ಇ. ಹ್ಯಾರೋ ಅವರ ಮೊದಲ ಕಾದಂಬರಿ ‘ದ ಟೆನ್ ಥೌಸಂಡ್ ಡೋರ್ಸ್ ಆಫ್ ಜಾನ್ಯುವರಿ’ (2019) ಓದಿದ ಮೇಲೆ ನನ್ನನ್ನು ಕಾಡಿದ್ದು ಅದರ ಮಾಯಾಲೋಕಗಳಲ್ಲ, ಒಂದು ಬಂಗಲೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಮಾಂಟ್. ಲಾಕ್ ಎಂಬ ಸಿರಿವಂತ ದೇಶದೇಶಗಳ ಅಪರೂಪದ ವಸ್ತುಗಳನ್ನು ಗುಡ್ಡೆ ಹಾಕಿಕೊಂಡಿರುವ ಮನೆ. ಅವನ್ನು ಹುಡುಕಿ ತರುವ ಕೆಲಸದಲ್ಲಿ ಕಥಾನಾಯಕಿ ಜನವರಿಯ ಅಪ್ಪ ಸದಾ ಪರದೇಶದಲ್ಲಿ. ಕಂದು ಮೈಬಣ್ಣದ ಜನವರಿಯೂ ಆ ಸಂಗ್ರಹದ ಇನ್ನೊಂದು ವಸ್ತುವಾಗಿಯೇ ಬೆಳೆಯುತ್ತಾಳೆ. ಏಳರ ಪ್ರಾಯದಲ್ಲಿ ಕೆಂಟಕಿಯ ಬಯಲಲ್ಲಿ ನೀಲಿ ಬಾಗಿಲೊಂದನ್ನು ದಾಟಿ ಕಡಲ ಗಾಳಿ ಕುಡಿದು ಬಂದವಳನ್ನು ಕೋಣೆಯಲ್ಲಿ ಕೂಡಿಹಾಕುವವನೂ ಲಾಕ್, ಆಮೇಲೆ ಉಡುಗೊರೆ ಕೊಟ್ಟು ಪಳಗಿಸುವವನೂ ಅವನೇ. ಬರೀ ಕ್ರೂರಿಯಾಗಿದ್ದರೆ ಅವಳು ಬೇಗ ತಿರುಗಿಬೀಳುತ್ತಿದ್ದಳೇನೋ. ಉಪಕಾರದ ಋಣ ಹರಿದುಕೊಳ್ಳಲು ಹದಿನೇಳಾಗಬೇಕು. ಬರೆದ ಮಾತಿನಿಂದಲೇ ಬೇರೆ ಲೋಕಗಳ ಬಾಗಿಲು ತೆರೆಯುವ ಶಕ್ತಿ ತನ್ನಲ್ಲಿದೆಯೆಂದು ಅವಳಿಗೆ ತಿಳಿಯುವುದೂ ಆಗಲೇ. ಕಾದಂಬರಿಯ ನಡುವೆ ಇನ್ನೊಂದು ಪುಸ್ತಕ ಬಿಚ್ಚಿಕೊಳ್ಳುತ್ತದೆ, ಅಡಿಟಿಪ್ಪಣಿಗಳ ಸಮೇತ (ಹ್ಯಾರೋ ಇತಿಹಾಸ ಪಾಠ ಮಾಡಿದವರು, ಅಭ್ಯಾಸ ಬಿಟ್ಟೀತೇ!). ಅಲ್ಲಿ ಕಥೆ ಸ್ವಲ್ಪ ಎಳೆದಾಡುತ್ತದೆ. ಖಳನ ಗುಟ್ಟೂ ಬೇಗ ರಟ್ಟಾಗುತ್ತದೆ. ಆದರೆ ಬಾಗಿಲು ಮುಚ್ಚಿಸುತ್ತ ಹೋಗುವ ಗಣ್ಯರ ಸಂಘದ ಚಿತ್ರಣ ಹರಿತವಾಗಿದೆ. ಬಾಗಿಲಿನಿಂದ ಬದಲಾವಣೆ ನುಗ್ಗುತ್ತದೆ, ದಂಗೆ ನುಗ್ಗುತ್ತದೆ ಎಂಬುದು ಅವರ ಭಯ. ಆಚೆಯ ಲೋಕದ ವಸ್ತುಗಳು ಮಾತ್ರ ಅವರಿಗೆ ಬೇಕು, ಗಾಜಿನ ಪೆಟ್ಟಿಗೆಯಲ್ಲಿಡಲು.