ಒಂದು ಗಂಟೆಯ ಹಾರಾಟಕ್ಕೆ ಕನ್ನಡ ಭಾರವೇ?



ಸೋಗಾನೆಯಲ್ಲಿ 3,200 ಮೀಟರ್ ರನ್‌ವೇ ಹಾಸಿದ್ದಾರೆ. 2023ರ ಫೆಬ್ರವರಿ 27ರಂದು ಪ್ರಧಾನಿಯೇ ಬಂದು ಉದ್ಘಾಟಿಸಿದರು. ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು. ರೈಲಿಗೆ ಐದು ಗಂಟೆಯ ಹಾದಿ, ವಿಮಾನಕ್ಕೆ ಒಂದೇ ಗಂಟೆ. ಸಂತೋಷ! ನಿಲ್ದಾಣಕ್ಕೆ ರಾಷ್ಟ್ರಕವಿ ಕುವೆಂಪು ಹೆಸರು. ಇನ್ನೂ ಸಂತೋಷ!

ಆದರೆ ಆ ಒಂದು ಗಂಟೆ ಜೀವ ಕಾಯುವ ಮಾತು ಯಾವ ಭಾಷೆಯಲ್ಲಿರಬೇಕು? ಬೆಲ್ಟ್ ಕಟ್ಟುವುದು ಹೇಗೆ, ಅವಘಡವಾದರೆ ಯಾವ ಬಾಗಿಲಿಗೆ ಓಡಬೇಕು ಎಂಬುದನ್ನು ಭದ್ರಾವತಿಯ ಅಜ್ಜಿಗೆ ಬರೀ ಇಂಗ್ಲಿಷು, ಹಿಂದಿಯಲ್ಲಿ ಒದರಿದರೆ ಹೇಳಿದಂತಾಯಿತೇ? ಟಿಕೆಟ್ಟಿನ ದುಡ್ಡು ಮಾತ್ರ ಕನ್ನಡದ್ದೋ?

ನಿಲ್ದಾಣಗಳಲ್ಲಿ ಮೊದಲು ಸ್ಥಳೀಯ ಭಾಷೆಯಲ್ಲೇ ಪ್ರಕಟಣೆ ಮಾಡಿ ಎಂದು ಕೇಂದ್ರವೇ 2018ರಲ್ಲಿ ಸೂಚಿಸಿದೆ. ನೆಲಕ್ಕೆ ಬೇಕಾದ ಕನ್ನಡ ಆಕಾಶಕ್ಕೆ ಬೇಡವೇ? ಎರಡು ನಿಮಿಷದ ಮಾತು, ಅಷ್ಟೇ! ದಿಲ್ಲಿಯತ್ತ ಬೆರಳು ತೋರಿಸಿ ನುಣುಚಿಕೊಳ್ಳಲು ಇಲ್ಲಿ ಆಗದು. ಈ ನಿಲ್ದಾಣ ನಡೆಸುತ್ತಿರುವುದು ರಾಜ್ಯ ಸರ್ಕಾರದ್ದೇ ಸಂಸ್ಥೆ. ವಿಮಾನ ಕಂಪನಿಗಳಿಗೆ ಷರತ್ತು ಹಾಕಲು ಯಾರಪ್ಪಣೆ ಬೇಕು?

ಮುಂದಿನ ಸಲ ವಿಮಾನ ಹತ್ತಿದಾಗ ಗಗನಸಖಿಯನ್ನು ಕನ್ನಡದಲ್ಲೇ ಮಾತಾಡಿಸಿ. ಆಕೆಯ ಮೇಲೆ ರೇಗಬೇಡಿ, ಆಕೆಯದು ಹೊಟ್ಟೆಪಾಡು. ಉತ್ತರ ಬಾರದಿದ್ದರೆ ಕಂಪನಿಗೆ ಕನ್ನಡದಲ್ಲಿ ದೂರು ಬರೆಯಿರಿ. ಒಂದು ಪ್ರತಿ ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಹೋಗಲಿ.